ಸರ್ಪಸುತ್ತೂ ಬಸುರಿ ಹೆಂಗಸೂ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಭಾನುವಾರದ ಕೂಟದಲ್ಲಿ ಕವಿಗಳ ವಿಷಯವಾಗಿಯೋ ಯಾತ್ರೆಯ ವಿಷಯವಾಗಿಯೋ ಮಾತನಾಡುವುದು ವಾಡಿಕೆ. ನಾನಾದರೋ ಸಾಹಿತಿಯಲ್ಲ, ವೈದ್ಯನೂ ಅಲ್ಲ. ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಕೋಣೆಯಲ್ಲಿ ಮೂವತ್ತು ವರುಷ ಗಾಜಿನ ನಳಿಗೆಗಳ ನಡುವೆ ಕಳೆದು ನಿವೃತ್ತನಾದ ನೌಕರ. ‘ನಿಮ್ಮ ಓಣಿಯಲ್ಲಿ ನಡೆದ ಆ ಸರ್ಪಸುತ್ತಿನ ಸಂಗತಿಯನ್ನೇ ಹೇಳಿರಿ, ನಾಲ್ಕು ಜನಕ್ಕೆ ಉಪಯೋಗವಾದೀತು’ ಎಂದು ಕಾರ್ಯದರ್ಶಿಗಳು ಬೆನ್ನುಹತ್ತಿದರು. ಆ ಮನೆಯವರ ಒಪ್ಪಿಗೆ ಪಡೆದು, ಅವರ ಹೆಸರನ್ನು ಮಾತ್ರ ಬಿಟ್ಟು, ನಡೆದುದನ್ನು ನಡೆದಂತೆ ಅರಿಕೆ ಮಾಡುತ್ತೇನೆ.

ಸಾತಾರೆಯ ದಾರಿಯಿಂದ ಕಾತ್ರಜ ಘಟ್ಟ ಇಳಿದು ಬರುವ ನಮ್ಮವರಿಗೆ ಪುಣೆ ಎಂದರೆ ಮೊದಲು ಎದುರಾಗುವುದೇ ಈ ಧನಕವಡಿಯ ಸುತ್ತುಮುತ್ತು. ಹಾಗೆ ಇಳಿದು ಬಂದು ಇಲ್ಲಿಯೇ ನಿಂತ ಸಂಸಾರಗಳಲ್ಲಿ ಅದೂ ಒಂದು. ವಿಜಯಪುರದ ಕಡೆಯವರು. ಒಂದೇ ಕೋಣೆ, ಅದರಲ್ಲಿಯೇ ಒಂದು ಮೂಲೆ ಅಡಿಗೆಗೆ. ಹುಡುಗ ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಮದುವೆಯಾಗಿ ಆರು ವರುಷಕ್ಕೆ ಹೆಂಡತಿಗೆ ಬಸಿರು ನಿಂತಿತ್ತು. ಆಗ ನಾಲ್ಕನೆಯ ತಿಂಗಳು. ಸೊಸೆಯ ಆರೈಕೆಗೆಂದೇ ಅತ್ತೆ ಊರಿನಿಂದ ಬಂದಿದ್ದರು.

ಬಂದ ಹದಿನೈದು ದಿವಸಕ್ಕೆ ಆ ಅತ್ತೆಗೆ ಬಲಪಕ್ಕೆಯಲ್ಲಿ ಉರಿ ಹತ್ತಿತು. ಮೊದಲು ವಾಯು ಎಂದರು, ಆಮೇಲೆ ಪಿತ್ತ ಎಂದರು. ಮೂರನೆಯ ದಿವಸ ಬೆನ್ನಿನಿಂದ ಎದೆಯವರೆಗೆ ಅಡ್ಡಪಟ್ಟಿಯಾಗಿ ಕೆಂಪು ಎದ್ದು ಅದರ ಮೇಲೆ ನೀರುಗುಳ್ಳೆ ಕೂತವು. ನೆರೆಮನೆಯ ಮರಾಠಿ ಬಾಯಿ ನೋಡಿ ‘ನಾಗೀಣ’ ಎಂದರು. ನಮ್ಮ ಮಾತಿನಲ್ಲಿ ಅದೇ ಸರ್ಪಸುತ್ತು. ಯಾರೋ ಒಂದು ಲೇಪ ಹೇಳಿದರು. ಸೊಸೆ ನಾಲ್ಕು ದಿವಸ ಬರಿಗೈಯಿಂದಲೇ ಅದನ್ನು ಹಚ್ಚಿದಳು. ಅತ್ತೆಯ ಪಕ್ಕದಲ್ಲಿಯೇ ಮಲಗಿದಳು. ಆ ಕೋಣೆಯಲ್ಲಿ ಬೇರೆ ಕಡೆ ಮಲಗಲು ಸ್ಥಳವಾದರೂ ಎಲ್ಲಿತ್ತು?

ಐದನೆಯ ದಿವಸ ಗುಲ್ಲು ಎದ್ದಿತು. ನಾಗದೋಷ ಬಸುರಿಯ ಮೇಲೆ ಬಿತ್ತು, ಕೂಸು ಕುರುಡಾಗಿ ಹುಟ್ಟುತ್ತದೆ ಎಂದರು ಒಬ್ಬರು. ಇನ್ನೊಬ್ಬರು ಕಲಿತವರು, ಅವರು ಮೊಬೈಲಿನಲ್ಲಿ ಏನನ್ನೋ ಓದಿ, ‘ಇದು ಬಹಳ ಅಪಾಯದ್ದು, ದಿವಸ ಮೀರುವ ಮೊದಲು ತೆಗೆಸಿಬಿಡುವುದು ಲೇಸು’ ಎಂದು ಹೇಳಿ ತಮ್ಮ ಕೆಲಸಕ್ಕೆ ಹೊರಟುಹೋದರು. ಕುರುಡಿನ ಮಾತು ಹೇಳಿದವರಿಗಿಂತ ಈ ಕಲಿತವರ ಮೇಲೆಯೇ ನನಗೆ ಹೆಚ್ಚು ಸಿಟ್ಟು. ಆರು ವರುಷ ಕಾದ ಬಸಿರನ್ನು ತೆಗೆಸುವ ಮಾತು, ಕೇಳಿದವರಿಗೆ ಆ ರಾತ್ರಿ ಅನ್ನ ಇಳಿಯಲಿಲ್ಲ.

ರಾತ್ರಿ ಹತ್ತರ ಸುಮಾರಿಗೆ ಹುಡುಗ ನನ್ನ ಬಾಗಿಲು ಬಡಿದ. ಎಲ್ಲವನ್ನೂ ಹೇಳಿ, ‘ಕಾಕಾ, ಈಗ ಏನ ಮಾಡೂದ್ರಿ?’ ಎಂದ.

ನಾನು ಕೇಳಿದೆ: ‘ನಿನ್ನ ಹೆಂಡತಿಗೆ ಸಣ್ಣಾಕಿ ಇದ್ದಾಗ ಮೈಮ್ಯಾಲ ಅಮ್ಮ ಬಂದಿತ್ತೇನೋ?’

ಅವನು ನನ್ನ ಮುಖವನ್ನೇ ನೋಡಿದ. ‘ನಾಗೀಣ ಬಂದದ್ದು ನಮ್ಮವ್ವಗ. ನೀವು ಈಕಿಗೆ ಅಮ್ಮ ಬಂದದ್ದು ಕೇಳ್ತೀರಲ್ರಿ ಕಾಕಾ?’

ಈ ಸಂಜೆಯ ನನ್ನ ಮಾತೆಲ್ಲ ಅವನ ಆ ಪ್ರಶ್ನೆಗೆ ಉತ್ತರ.

ಅಮ್ಮ ಎಂದು ನಾವು ಹೇಳುವುದು ಸೀತಾಳೆ ಸಿಡುಬನ್ನು. ಇಲ್ಲಿಯವರು ಕಾಂಜಿಣ್ಯಾ ಎನ್ನುತ್ತಾರೆ, ಡಾಕ್ಟರರು ಚಿಕನ್‌ಪಾಕ್ಸ್ ಎನ್ನುತ್ತಾರೆ. ಹೆಸರಿನಲ್ಲಿ ಸಿಡುಬು ಇದ್ದರೂ ಇದು ಆ ಹಳೆಯ ಮಹಾಮಾರಿ ಸಿಡುಬಲ್ಲ. ಆ ಸಿಡುಬಿನ ಕೊನೆಯ ರೋಗಿ ನಮ್ಮ ದೇಶದಲ್ಲಿ ಕಂಡದ್ದು 1975ರಲ್ಲಿ. ಅದು ಭೂಮಿಯಿಂದಲೇ ತೊಲಗಿದೆ. ಸೀತಾಳೆಯ ಜಾತಿ ಬೇರೆ. ಅದಕ್ಕೂ ಸರ್ಪಸುತ್ತಿಗೂ ಕಾರಣವಾದ ವೈರಾಣು ಮಾತ್ರ ಒಂದೇ.

ಇದನ್ನು ಮೊದಲು ಗುರುತಿಸಿದವರಲ್ಲಿ ಹಂಗೇರಿ ದೇಶದ ಮಕ್ಕಳ ವೈದ್ಯ ಬೋಕೈ ಎಂಬವರೊಬ್ಬರು. ಮನೆಯಲ್ಲಿ ದೊಡ್ಡವರಿಗೆ ಸರ್ಪಸುತ್ತು ಎದ್ದ ಕೆಲವು ದಿವಸಗಳಲ್ಲಿ ಅದೇ ಮನೆಯ ಮಕ್ಕಳಿಗೆ ಸೀತಾಳೆ ಏಳುವುದನ್ನು ಕಂಡು, ಇವೆರಡಕ್ಕೂ ಸಂಬಂಧವಿರಬೇಕೆಂದು 1892ರಲ್ಲಿ ಅವರು ಬರೆದರು. ಆಮೇಲೆ ಇಂಗ್ಲೆಂಡಿನ ಸಿರೆನ್‌ಸೆಸ್ಟರ್ ಎಂಬ ಸಣ್ಣ ಪಟ್ಟಣದಲ್ಲಿ ಹೋಪ್ ಸಿಂಪ್ಸನ್ ಎಂಬ ಡಾಕ್ಟರು ತಮ್ಮ ದಿನನಿತ್ಯದ ರೋಗಿಗಳ ದಾಖಲೆಯನ್ನೇ ಶ್ರದ್ಧೆಯಿಂದ ಇಟ್ಟರು. ಹದಿನಾರು ವರುಷಗಳಲ್ಲಿ ಅವರ ಬಳಿಗೆ ಬಂದ ಸರ್ಪಸುತ್ತಿನ ರೋಗಿಗಳು 192. ಆ ಲೆಕ್ಕವನ್ನು ಮುಂದಿಟ್ಟುಕೊಂಡು 1965ರಲ್ಲಿ ಅವರು ಹೇಳಿದ ಮಾತು ಇದು: ಸರ್ಪಸುತ್ತು ಹೊರಗಿನಿಂದ ಬರುವುದಲ್ಲ, ಬಾಲ್ಯದಲ್ಲಿ ಮೈಹೊಕ್ಕ ಸೀತಾಳೆಯ ವೈರಾಣುವೇ ಒಳಗೆ ಅಡಗಿ ಕುಳಿತಿದ್ದು ಮುಪ್ಪಿನಲ್ಲಿ ಎದ್ದು ಬರುತ್ತದೆ. ಮುಂದಿನ ಸಂಶೋಧನೆಗಳು ಇದನ್ನೇ ದೃಢಪಡಿಸಿದವು. ನಮ್ಮಲ್ಲಿ ಲೆಕ್ಕ ಬರೆಯುವ ಗುಮಾಸ್ತರು ಬಹಳ ಮಂದಿ ಇದ್ದೀರಿ. ಇದ್ದುದನ್ನು ಇದ್ದಂತೆ ವರುಷಗಟ್ಟಲೆ ಬರೆದಿಡುವ ಕೆಲಸದಿಂದಲೂ ಶಾಸ್ತ್ರ ಬೆಳೆಯುತ್ತದೆ ಎಂಬುದು ತಮಗೆ ಸಂತೋಷ ಕೊಡಬಹುದು.

ಅಡಗುವ ಸ್ಥಳ ಯಾವುದು? ಬೆನ್ನುಹುರಿಯ ಇಕ್ಕೆಲದಲ್ಲಿಯೂ ತಲೆಯ ನರಗಳ ಬುಡದಲ್ಲಿಯೂ ನರಗಂಟುಗಳಿವೆ. ಸೀತಾಳೆ ವಾಸಿಯಾಯಿತು, ತಲೆಗೆ ನೀರು ಹಾಕಿದೆವು, ದೇವಿಗೆ ಎಡೆ ಕೊಟ್ಟೆವು ಎಂದು ನಾವು ತಿಳಿದರೂ ವೈರಾಣು ಆ ಗಂಟುಗಳಲ್ಲಿ ಬೂದಿಯೊಳಗಿನ ಕೆಂಡದಂತೆ ಉಳಿದಿರುತ್ತದೆ. ಶರೀರದ ಕಾವಲು ಗಟ್ಟಿಯಿರುವತನಕ ಅದು ಏಳದು. ವಯಸ್ಸಾದಾಗ, ದೊಡ್ಡ ಕಾಯಿಲೆ ಬಂದಾಗ, ಕಾವಲನ್ನು ಕುಗ್ಗಿಸುವ ಔಷಧ ತೆಗೆದುಕೊಳ್ಳುವಾಗ ಏಳುತ್ತದೆ. ಎದ್ದರೆ ಸಾಮಾನ್ಯವಾಗಿ ಒಂದು ನರದ ಗುಂಟವೇ ಹೊರಕ್ಕೆ ಬರುತ್ತದೆ. ಆದುದರಿಂದಲೇ ಗುಳ್ಳೆಗಳು ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಾಗಿ ಏಳುತ್ತವೆ, ನಡುಗೆರೆಯನ್ನು ದಾಟುವುದು ಅಪರೂಪ. ಹಾವಿನ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ನಮ್ಮ ಹಿರಿಯರು ಅಂಜುತ್ತಿದ್ದರು. ಇಲ್ಲಿಯ ಜನರೂ ಹಾಗೆಯೇ ಹೇಳುತ್ತಾರೆ. ಪಾಪ, ನರಗಳ ಹಂಚಿಕೆಯೇ ಹಾಗಿರುವುದರಿಂದ ಅವು ಕೂಡುವುದು ಬಹಳ ಅಪರೂಪ.

ವೈರಾಣುವಿನ ಮಾತು ಬಂತೆಂದು ಒಂದು ಅಡ್ಡಮಾತು. ನಮ್ಮ ಪುಣೆಯಲ್ಲಿಯೇ ಇಂಥ ವೈರಾಣುಗಳನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆ ಇದೆ, 1952ರಲ್ಲಿ ಆರಂಭವಾದದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಆ ರೋಗದ ವೈರಾಣುವನ್ನು ಕಂಡುಹಿಡಿದವರು ಇಲ್ಲಿಂದ ಹೋದವರೇ. ಹಾಗಾಗಿ ನಮ್ಮ ಒಂದು ಕನ್ನಡ ಹಳ್ಳಿಯ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಇರಲಿ, ಬಸುರಿಯ ವಿಷಯಕ್ಕೆ ಬರುತ್ತೇನೆ.

ಸರ್ಪಸುತ್ತಿನಿಂದ ಬೇರೆಯವರಿಗೆ ಸರ್ಪಸುತ್ತು ಹತ್ತುವುದಿಲ್ಲ. ಆದರೆ ಆ ಗುಳ್ಳೆಯ ನೀರಿನಲ್ಲಿ ಸೀತಾಳೆಯ ವೈರಾಣು ಇದೆ. ಹಿಂದೆಂದೂ ಸೀತಾಳೆ ಬಾರದೆ ಇದ್ದವರಿಗೆ, ಅದರ ಲಸಿಕೆಯೂ ಆಗದೆ ಇದ್ದವರಿಗೆ, ಆ ನೀರು ತಾಗಿದರೆ ಸೀತಾಳೆ ಬರಬಹುದು. ಒಮ್ಮೆ ಬಂದು ಹೋದವರ ರಕ್ತದಲ್ಲಿ ಅದನ್ನು ತಡೆಯುವ ಪ್ರತಿಕಾಯಗಳು ಇರುತ್ತವೆ. ಅವರು ಬಸುರಿಯಾದರೂ ಸಾಮಾನ್ಯವಾಗಿ ಭಯವಿಲ್ಲ, ಹೊಟ್ಟೆಯ ಕೂಸಿಗೂ ಭಯವಿಲ್ಲ. ಆದುದರಿಂದ ಅತ್ತೆಯ ಮೈಮೇಲೆ ಎಷ್ಟು ಗುಳ್ಳೆ, ಸೊಸೆ ಎಷ್ಟು ಸಲ ಮುಟ್ಟಿದಳು ಎಂಬುದಕ್ಕಿಂತ ಮೊದಲು ಕೇಳಬೇಕಾದುದು, ಈ ಸೊಸೆಗೆ ಹಿಂದೆ ಅಮ್ಮ ಬಂದಿತ್ತೇ ಎಂಬುದು.

ಇನ್ನೊಂದು ಸಮಾಧಾನದ ಸಂಗತಿ. ಸೀತಾಳೆ ಗಾಳಿಯಲ್ಲಿ ಹರಡುತ್ತದೆ, ಅದೂ ಗುಳ್ಳೆ ಏಳುವುದಕ್ಕೆ ಎರಡು ದಿವಸ ಮೊದಲಿನಿಂದಲೇ. ಕಾಣುವ ಮೊದಲೇ ಹತ್ತಿರುತ್ತದೆ. ಸರ್ಪಸುತ್ತು ಅಷ್ಟು ಸುಲಭವಾಗಿ ಹರಡದು. ಮುಖ್ಯವಾಗಿ ಒದ್ದೆ ಗುಳ್ಳೆಯನ್ನು, ಅದರ ನೀರು ತಾಗಿದ ಬಟ್ಟೆಯನ್ನು ಮುಟ್ಟುವುದರಿಂದ ಹತ್ತುತ್ತದೆ. ಗುಳ್ಳೆ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಹತ್ತುವುದಿಲ್ಲ. ಇದಕ್ಕೆ ಏಳೆಂಟು ಹತ್ತು ದಿವಸ ಹಿಡಿಯುತ್ತದೆ. ಅಲ್ಲಿಯವರೆಗೆ ಶುಭ್ರವಾದ ಬಟ್ಟೆಯಿಂದ ಮುಚ್ಚಿಟ್ಟರೆ ಅಪಾಯ ಬಹಳ ಕಡಿಮೆ. ಆದರೆ ಪಟ್ಟಿಯಾಗಿ ನಿಲ್ಲದೆ ಗುಳ್ಳೆಗಳು ಮೈತುಂಬ ಹಬ್ಬಿದರೆ, ಅಥವಾ ರೋಗಿಗೆ ಕ್ಯಾನ್ಸರಿನ ಔಷಧ, ಎಚ್.ಐ.ವಿ., ಇಂಥ ಕಾರಣದಿಂದ ಶಕ್ತಿ ಕುಂದಿದ್ದರೆ, ಅದನ್ನು ಸೀತಾಳೆಯಷ್ಟೇ ಅಂಟುವ ರೋಗವೆಂದು ತಿಳಿದು ನಡೆಯಬೇಕು.

ನಮ್ಮ ಪದ್ಧತಿಯಲ್ಲಿ ಇಲ್ಲೊಂದು ವಿಚಿತ್ರವಿದೆ. ಅಮ್ಮ ಬಂದ ಮನೆಗೆ ಯಾರೂ ಹೋಗುವುದಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದನ್ನು ನೋಡಿಯೇ ಜನ ಹಿಂದಿರುಗುತ್ತಾರೆ. ಅದು ಒಳ್ಳೆಯ ಪದ್ಧತಿಯೇ, ಹಿರಿಯರು ಕಾರಣ ಹೇಳದಿದ್ದರೂ ಕಾರ್ಯ ಸರಿಯಾಗಿ ಮಾಡಿದರು. ಸರ್ಪಸುತ್ತಿಗೆ ಮಾತ್ರ ಆ ಸೊಪ್ಪಿಲ್ಲ. ಕಂಡವರೆಲ್ಲ ಬಂದು ಸೆರಗು ಸರಿಸಿ ನೋಡುತ್ತಾರೆ, ಲೇಪ ಹಚ್ಚುತ್ತಾರೆ.

ಸೀತಾಳೆ ಬಾರದ ಹೆಂಗಸಿಗೆ ಬಸುರಿನಲ್ಲಿ ಅದು ಬಂದರೆ ಏನಾಗುತ್ತದೆ ಎಂಬುದನ್ನು ಮುಚ್ಚಿಡದೆ ಹೇಳಬೇಕು. ತಾಯಿಗೆ ಕೆಲವೊಮ್ಮೆ ಪುಪ್ಪುಸಕ್ಕೆ ಇಳಿದು ನ್ಯುಮೋನಿಯ ಆಗುತ್ತದೆ. ಅದು ಪ್ರಾಣಕ್ಕೇ ಬರುವಂಥದು. ಬಸಿರಿನ ಮೊದಲರ್ಧದಲ್ಲಿ ಬಂದರೆ ಕೆಲವು ಕೂಸುಗಳ ಚರ್ಮ, ಕೈಕಾಲು, ಕಣ್ಣು, ಮೆದುಳು ಊನವಾಗಬಹುದು. ಎಷ್ಟು ಕೂಸುಗಳಿಗೆ? ಜರ್ಮನಿಯ ಗಿಸೆಲಾ ಎಂಡರ್ಸ್ ಎಂಬ ವಿದುಷಿಯೂ ಅವರ ಸಂಗಡಿಗರೂ ಜರ್ಮನಿ ಮತ್ತು ಬ್ರಿಟನ್ನಿನಲ್ಲಿ, ಬಸುರಿದ್ದಾಗ ಸೀತಾಳೆ ಬಂದ 1373 ಮಂದಿ ಹೆಂಗಸರನ್ನು ಹೆರಿಗೆಯ ಆಚೆಗೂ ಗಮನಿಸಿ 1994ರಲ್ಲಿ ವರದಿ ಮಾಡಿದರು. ಊನವಾದ ಕೂಸುಗಳು ಒಂಬತ್ತು. ಮೊದಲ ಹನ್ನೆರಡು ವಾರಗಳಲ್ಲಿ ಸೀತಾಳೆ ಬಂದವರಲ್ಲಿ ಸಾವಿರಕ್ಕೆ ನಾಲ್ಕು. ಹದಿಮೂರರಿಂದ ಇಪ್ಪತ್ತನೆಯ ವಾರದೊಳಗೆ ಬಂದವರಲ್ಲಿ ನೂರಕ್ಕೆ ಎರಡು. ಆ ಎರಡರಲ್ಲಿ ಒಬ್ಬರಾದವರಿಗೆ ಅದು ಸಣ್ಣ ಸಂಖ್ಯೆಯಲ್ಲ ಎಂಬುದನ್ನು ಬಲ್ಲೆ. ಆದರೂ ನೂರರಲ್ಲಿ ತೊಂಬತ್ತೆಂಟು ಕೂಸುಗಳು ನೆಟ್ಟಗಿದ್ದವು ಎಂಬುದನ್ನು ತೆಗೆಸಿಬಿಡಿ ಎನ್ನುವವರು ಬಲ್ಲರೇ? ಅದೇ ವರದಿಯಲ್ಲಿ ಬಸುರಿದ್ದಾಗ ತಮಗೇ ಸರ್ಪಸುತ್ತು ಎದ್ದ 366 ಮಂದಿ ತಾಯಂದಿರ ಲೆಕ್ಕವೂ ಇದೆ. ಅವರ ಕೂಸುಗಳಲ್ಲಿ ಒಂದಕ್ಕೂ ಇದರಿಂದ ಊನವಾಗಲಿಲ್ಲ. ಅವರ ರಕ್ತದಲ್ಲಿ ಮೊದಲೇ ಪ್ರತಿಕಾಯಗಳಿದ್ದವು, ಕೂಸನ್ನು ಕಾದವು.

ಕೊನೆಯ ದಿವಸಗಳಲ್ಲಿ ಅಪಾಯದ ಬಗೆ ಬೇರೆ. ಹೆರಿಗೆಗೆ ಐದು ದಿವಸ ಮೊದಲಿನಿಂದ ಎರಡು ದಿವಸ ಆಮೇಲಿನವರೆಗೆ ತಾಯಿಗೆ ಸೀತಾಳೆ ಎದ್ದರೆ, ತಾಯಿಯ ಪ್ರತಿಕಾಯ ಕೂಸಿಗೆ ಮುಟ್ಟುವ ಮೊದಲೇ ರೋಗ ಮುಟ್ಟಿರುತ್ತದೆ. ಹಸುಗೂಸಿಗೆ ಉಗ್ರವಾಗಿ ಬರುತ್ತದೆ. ಅಂಥ ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು, ಮಕ್ಕಳ ಡಾಕ್ಟರಿಗೆ ಮುಂಚಿತವಾಗಿ ಗೊತ್ತಿರಬೇಕು.

ಈಗ ನಮ್ಮ ಜನಕ್ಕೆ ವಿಶೇಷವಾಗಿ ಹೇಳಬೇಕಾದ ಮಾತು. ಚಳಿದೇಶಗಳಲ್ಲಿ ಸೀತಾಳೆ ಬಾಲ್ಯದಲ್ಲಿಯೇ ಬಂದು ಹೋಗುತ್ತಿದ್ದುದರಿಂದ ಅಲ್ಲಿಯ ಬಸುರಿಯರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಗೆ ರಕ್ಷಣೆ ಇರುತ್ತದೆ. ಉಷ್ಣದೇಶಗಳಲ್ಲಿ ಹಾಗಲ್ಲ. ಇಲ್ಲಿ ಅನೇಕರಿಗೆ ಅದು ಹರೆಯದಲ್ಲಿ, ಇನ್ನೂ ತಡವಾಗಿ ಬರುತ್ತದೆ. ಬಾರದೆ ಉಳಿದ ಪ್ರಾಯದ ಹೆಂಗಸರು ಚಳಿದೇಶಗಳಿಗಿಂತ ಹೆಚ್ಚು. ಹಳ್ಳಿಯಲ್ಲಿ ಬೆಳೆದು ಮದುವೆಯಾಗಿ ನೇರವಾಗಿ ಈ ಕಿಕ್ಕಿರಿದ ಊರಿನ ಒಂದು ಕೋಣೆಗೆ ಬರುವ ನಮ್ಮ ಹೆಣ್ಣುಮಕ್ಕಳಿಗೆ ‘ಅದೆಲ್ಲ ಎಲ್ಲರಿಗೂ ಬಂದೇ ಇರುತ್ತದೆ’ ಎಂಬ ಮಾತು ಸಲ್ಲದು. ಕೇಳಿಯೇ ತಿಳಿಯಬೇಕು.

ಯಾರನ್ನು ಕೇಳಬೇಕು? ಆ ಹುಡುಗನಿಗೆ ಗೊತ್ತಿರಲಿಲ್ಲ. ಹೆಂಡತಿಗೂ ಸರಿಯಾಗಿ ನೆನಪಿರಲಿಲ್ಲ. ಏನೋ ಬಂದಿತ್ತು, ಅದು ಗೊಬ್ಬರವೋ ಅಮ್ಮನೋ ತಿಳಿಯದು ಎಂದಳು. ಊರು ಬಿಟ್ಟು ಬಂದವರ ಬಾಲ್ಯದ ದಾಖಲೆ ಆಸ್ಪತ್ರೆಯ ಕಾಗದದಲ್ಲಿ ಇರುವುದಿಲ್ಲ, ತವರಿನ ತಾಯಿಯ ನೆನಪಿನಲ್ಲಿ ಇರುತ್ತದೆ. ಅಪರಾತ್ರಿಯೆಂದು ನೋಡದೆ ಆಗಲೇ ಫೋನು ಮಾಡಿಸಿದೆ. ಆ ತಾಯಿ ಗಾಬರಿಯಿಂದ ಎದ್ದವರು, ಪ್ರಶ್ನೆ ಕೇಳಿ ನಕ್ಕುಬಿಟ್ಟರು. ‘ಬಂದಿತ್ತಲ್ರೀ ಅಳಿಯಂದ್ರ! ಜಾತ್ರಿ ಮುಂದ ಆಕೀಗೂ ಆಕಿ ತಮ್ಮಗೂ ಕೂಡೇ ಬಂದಿತ್ತು. ಬೇವಿನ ತಪ್ಪಲದ ಮ್ಯಾಲ ಮಲಗಿಸಿದ್ದೆ. ಎಡಗಿವಿ ಹಿಂದ ಕಲೆ ಅದ, ನೋಡ್ರಿ.’ ಹುಡುಗ ಓಡಿಹೋಗಿ ದೀಪ ಹಾಕಿ ನೋಡಿದ. ಕಲೆ ಇತ್ತು.

ಆದರೂ ನೆನಪನ್ನೊಂದನ್ನೇ ನಂಬಬಾರದೆಂದು ಮರುದಿವಸ ಡಾಕ್ಟರ ಬಳಿಗೆ ಕಳುಹಿಸಿದೆ. ಅವರು ವೆರಿಸೆಲ್ಲಾ ಐಜಿಜಿ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು. ಇದು ಪ್ರತಿಕಾಯಗಳನ್ನು ತೋರಿಸುವ ಪರೀಕ್ಷೆ; ಚೀಟಿಯಲ್ಲಿ ಈ ಹೆಸರನ್ನು ನೋಡಿ ಅಂಜಬೇಡಿ, ಪಾಸಿಟಿವ್ ಎಂದು ಬಂದರೆ ಇಲ್ಲಿ ಒಳ್ಳೆಯ ಸುದ್ದಿ. ಬಹಳ ಮಂದಿ ಆ ಶಬ್ದ ಓದಿ ಅಳುತ್ತ ನಮ್ಮ ಕೋಣೆಗೆ ಬರುತ್ತಿದ್ದರು. ಈ ಹುಡುಗಿಯದು ಪಾಸಿಟಿವ್ ಬಂತು. ಈಗ ಆರನೆಯ ತಿಂಗಳು. ಮೊನ್ನೆ ಕೂಸು ಒದೆಯುತ್ತದೆ ಎಂದು ಅವನೇ ಬಂದು ಹೇಳಿಹೋದ.

ಪರೀಕ್ಷೆಯಲ್ಲಿ ಪ್ರತಿಕಾಯ ಇಲ್ಲವೆಂದು ಬಂದಿದ್ದರೆ? ನಾನು ನೌಕರಿಯಲ್ಲಿದ್ದಾಗ ಅಂಥದೂ ಒಂದು ಕಂಡಿದ್ದೇನೆ. ಕುಂದಾಪುರದ ಕಡೆಯ ಹುಡುಗಿ, ಗಂಡ ಹೋಟೆಲಿನ ಕೆಲಸದವನು, ಜೊತೆಗಿದ್ದ ಮೈದುನನಿಗೆ ಸೀತಾಳೆ. ಅವರು ತಡಮಾಡದೆ ಬಂದಿದ್ದರು, ಅದೇ ಅವರನ್ನು ಕಾಯಿತು. ಬೇರೆಯವರ ರಕ್ತದಿಂದ ತೆಗೆದ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ ಒಂದಿದೆ. ಸಂಪರ್ಕವಾದ ಹತ್ತು ದಿವಸದೊಳಗೆ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಕೊಡಬೇಕು. ಬೆಲೆ ಹೆಚ್ಚು, ಎಲ್ಲ ಕಡೆ ಸಿಗುವುದೂ ಇಲ್ಲ. ಈಚೆಗೆ ಬ್ರಿಟನ್ನಿನಂಥ ಕಡೆ ಅದಕ್ಕೆ ಬದಲಾಗಿ ಏಸಿಕ್ಲೋವಿರ್ ಎಂಬ ಗುಳಿಗೆಯನ್ನು ಸಂಪರ್ಕದ ಏಳನೆಯ ದಿವಸದಿಂದ ಒಂದು ವಾರ ಕೊಡುವ ಕ್ರಮ ಬಂದಿದೆ. ಯಾವುದು ಎಂಬುದನ್ನು ಡಾಕ್ಟರೇ ನಿರ್ಣಯಿಸಬೇಕು. ಔಷಧದಂಗಡಿಯಲ್ಲಿ ಕೇಳಿ ತಂದು ನುಂಗುವಂಥದಲ್ಲ. ಸಂಪರ್ಕವಾದವರಿಗೆ ಸೀತಾಳೆ ಏಳುವುದಾದರೆ ಹತ್ತರಿಂದ ಇಪ್ಪತ್ತೊಂದು ದಿವಸದಲ್ಲಿ ಏಳುತ್ತದೆ, ಇಂಜೆಕ್ಷನ್ ಆದವರಿಗೆ ಇಪ್ಪತ್ತೆಂಟರವರೆಗೂ. ಒಂದು ಗುಳ್ಳೆ ಕಂಡರೂ ಆ ದಿವಸವೇ ಡಾಕ್ಟರಿಗೆ ತಿಳಿಸಬೇಕು; ಇಪ್ಪತ್ತನಾಲ್ಕು ಗಂಟೆಯೊಳಗೆ ಔಷಧ ಆರಂಭಿಸಿದರೆ ಗುಣ ಹೆಚ್ಚು. ಕೆಮ್ಮು, ಏದುಸಿರು ಕಂಡರೆ ಹಗಲು ರಾತ್ರಿ ಎನ್ನದೆ ಆಸ್ಪತ್ರೆಗೆ ಹೊರಡಬೇಕು. ಹೋಗುವ ಮೊದಲು ಫೋನು ಮಾಡಿ ಹೇಳಿರಿ, ಅಲ್ಲಿ ಬೇರೆ ಬಸುರಿಯರು ಸಾಲಾಗಿ ಕುಳಿತಿರುತ್ತಾರೆ. ಆ ಕುಂದಾಪುರದ ಹುಡುಗಿಯ ಮನೆಯಲ್ಲಿ ಇಪ್ಪತ್ತೆಂಟು ದಿವಸವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಎಣಿಸಿದರು. ಗುಳ್ಳೆ ಏಳಲಿಲ್ಲ.

ಲಸಿಕೆಯ ಮಾತನ್ನು ಕೇಳುವವರಿದ್ದೀರಿ. ಜಪಾನಿನ ತಕಾಹಾಶಿ ಎಂಬ ವಿದ್ವಾಂಸರು 1974ರಲ್ಲಿ ಸೀತಾಳೆಯ ಲಸಿಕೆಯನ್ನು ಕಂಡುಹಿಡಿದರು. ತಮ್ಮ ಮಗುವೇ ಸೀತಾಳೆಯಿಂದ ನರಳಿದ್ದನ್ನು ಕಂಡವರು ಅವರು. ನಮ್ಮ ಸರಕಾರದ ಉಚಿತ ಲಸಿಕೆಗಳಲ್ಲಿ ಇದು ಸೇರಿಲ್ಲ. ಹಣ ಕೊಟ್ಟು ಹಾಕಿಸಬೇಕು, ಎರಡು ಸಲ. ಇದರಲ್ಲಿ ಜೀವವಿರುವ ದುರ್ಬಲ ವೈರಾಣು ಇರುವುದರಿಂದ ಬಸುರಿಯರಿಗೆ ಕೊಡಕೂಡದು, ಹಾಕಿಸಿದ ಮೇಲೆ ಒಂದು ತಿಂಗಳು ಬಸುರಾಗಕೂಡದು. ಆದುದರಿಂದ ಮದುವೆ ಗೊತ್ತಾದ ಮಗಳಿದ್ದವರು ಸೀರೆ ಒಡವೆಗಳ ಲೆಕ್ಕದ ಜೊತೆಗೆ, ಅವಳಿಗೆ ಅಮ್ಮ ಬಂದಿತ್ತೇ ಇಲ್ಲವೇ ಎಂಬುದನ್ನೂ ಒಂದು ಸಾಲು ಬರೆದಿಡಿರಿ.

ಮನೆಯಲ್ಲಿ ಯಾರಿಗಾದರೂ ಸರ್ಪಸುತ್ತು ಎದ್ದರೆ ಒಂದೇ ಕೋಣೆಯಲ್ಲಿಯೂ ಮಾಡಬಹುದಾದ ಕೆಲಸಗಳಿವೆ. ಗುಳ್ಳೆಯ ಮೇಲೆ ಬಟ್ಟೆ ಮುಚ್ಚಿರಲಿ. ಟವಲು ಹಾಸಿಗೆ ಬೇರೆ ಇರಲಿ. ಹಚ್ಚುವುದು ಒರೆಸುವುದನ್ನು ಗಂಡಸು ಮಾಡಲಿ. ಅಮ್ಮ ಬಂದುಹೋದವನಾದರೆ ಅವನಿಗೆ ಏನೂ ಆಗದು. ನಮ್ಮ ಹುಡುಗ ಇದನ್ನು ಕೇಳಿ ಸ್ವಲ್ಪ ನಾಚಿದ, ಆಮೇಲೆ ಮಾಡಿದ.

ಕೊನೆಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆ ರಾತ್ರಿ ನಾವೆಲ್ಲರೂ ಹುಟ್ಟದ ಕೂಸಿನ ಚಿಂತೆಯಲ್ಲಿ ಮುಳುಗಿದ್ದೆವು. ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದ ಅತ್ತೆಯನ್ನು ‘ನಿಮಗೆ ಹ್ಯಾಗದ ಅವ್ವಾ?’ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸರ್ಪಸುತ್ತಿಗೆ ಔಷಧ ಇದೆ; ಗುಳ್ಳೆ ಎದ್ದ ಮೂರು ದಿವಸದೊಳಗೆ ಆರಂಭಿಸಿದರೆ ಅದರ ಗುಣ ಬೇಗ ಕಾಣುತ್ತದೆ. ಕಣ್ಣಿನ ಹತ್ತಿರ ಎದ್ದರಂತೂ ಒಂದು ಗಂಟೆಯನ್ನೂ ಕಳೆಯಬಾರದು. ಐವತ್ತು ಮೀರಿದವರಿಗೆ ಸರ್ಪಸುತ್ತು ಬಾರದಂತೆ ತಡೆಯುವ ಲಸಿಕೆಯೂ 2023ರಿಂದ ನಮ್ಮ ದೇಶದಲ್ಲಿ ಸಿಗುತ್ತಿದೆ, ನಮ್ಮ ಸಂಬಳಕ್ಕೆ ಅದು ಭಾರವಾದರೂ. ಆ ತಾಯಿ ಡಾಕ್ಟರನ್ನು ಕಂಡದ್ದು ಆರನೆಯ ದಿವಸ, ಅದೂ ಸೊಸೆಯ ಜೊತೆಗೆ ಹೋದದ್ದಕ್ಕೆ. ಗುಳ್ಳೆ ಒಣಗಿ ಎರಡು ತಿಂಗಳಾಗುತ್ತ ಬಂತು. ಒಳಗಿನ ಉರಿ ಇನ್ನೂ ಹೋಗಿಲ್ಲ. ಕುಪ್ಪಸದ ಅಂಚು ತಾಗಿದರೂ ಬೆಂಕಿ ಇಟ್ಟಂತಾಗುತ್ತದಂತೆ. ಈ ಹೊತ್ತು ಸಭೆಗೆ ಕರೆದೆ. ಬಸ್ಸಿನ ನೂಕಾಟ ಆಗದು, ನೀವ ಹೇಳ್ರಿ ಎಂದು ಕಳುಹಿಸಿದರು.